ಡೆಲಿಶಸ್ ಪ್ರಕರಣ: ಒಂದು ಓರೆಗೆರೆ ಕಳೆದುಹೋದಾಗ

2011ರ ಸೆಪ್ಟೆಂಬರ್ 27ರಂದು ಡೆಲಿಶಸ್ ಎಂಬ ಬುಕ್‌ಮಾರ್ಕ್ ತಾಣ ಹೊಸ ಮಾಲೀಕರ ಕೈಯಲ್ಲಿ, ಹೊಸ ರೂಪದಲ್ಲಿ ತೆರೆದುಕೊಂಡಿತು. ಬಳಕೆದಾರರ ಒಂದು ಗುಂಪು ಎಂದಿನಂತೆ ಒಳಗೆ ಹೋಗಿ, ವರ್ಷಗಟ್ಟಲೆ ತಾವೇ ಕೂಡಿಟ್ಟಿದ್ದ ಲಿಂಕ್‌ಗಳನ್ನು ಹುಡುಕಿತು. ಲಿಂಕ್‌ಗಳೇನೋ ಅಲ್ಲೇ ಇದ್ದವು. ಆದರೆ ‘/’ ಗುರುತು ಸೇರಿದ್ದ ಟ್ಯಾಗ್ (ಲಿಂಕಿಗೆ ತಾವೇ ಅಂಟಿಸಿದ್ದ ಗುರುತಿನ ಪದ) ಕೊಟ್ಟು ಹುಡುಕಿದರೆ ಏನೂ ಬರುತ್ತಿರಲಿಲ್ಲ. ಒಂದು ಓರೆಗೆರೆ, ಅಷ್ಟೇ. ಹೊಸ ತಂಡದ ಕಣ್ಣಿಗೆ ಅದು ದೊಡ್ಡ ವಿಷಯವಾಗಿ ಕಂಡಿರಲಾರದು. ಆ ಗುಂಪಿಗೆ ಮಾತ್ರ ಬೀಗದ ಕೈ ಕಳೆದುಹೋದಂತಾಯಿತು. ಮನೆ ಎದುರಿಗೇ ಇದೆ, ಸಾಮಾನೂ ಒಳಗೇ ಇದೆ, ಬಾಗಿಲು ಮಾತ್ರ ತೆರೆಯದು.

ಸ್ವಂತ ತಿಳಿವಳಿಕೆಯನ್ನು ಕೂಡಿಟ್ಟು ಹಂಚಿಕೊಳ್ಳುವ ಟೂಲ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಓರೆಗೆರೆ. ಡೆಲಿಶಸ್ ಮುಳುಗಿದ್ದಕ್ಕೆ ಜನ ಸಾಮಾನ್ಯವಾಗಿ ಕೊಡುವ ಕಾರಣ ದೊಡ್ಡ ಕಂಪನಿಯ ಉದಾಸೀನ. ಅದು ಸುಳ್ಳಲ್ಲ. ಆದರೆ ಉದಾಸೀನ ಇದ್ದಷ್ಟು ಕಾಲವೂ ಈ ಗುಂಪಿನ ಜನ ಅಲ್ಲೇ ಉಳಿದಿದ್ದರು. ಯಾರೋ ಬಂದು ತಾಣವನ್ನು ಉತ್ಸಾಹದಿಂದ ರಿಪೇರಿಗೆ ಎತ್ತಿಕೊಂಡಾಗ ಎದ್ದು ಹೋದರು. ಈ ವಿಚಿತ್ರವನ್ನು ಬಿಡಿಸಿ ನೋಡಬೇಕಾದರೆ ತಾಣ ಹುಟ್ಟಿದ ಬಗೆಯಿಂದ ಶುರುಮಾಡಬೇಕು.

ಇಪ್ಪತ್ತು ಸಾವಿರ ಸಾಲಿನ ಫೈಲ್

ಡೆಲಿಶಸ್ ಕಟ್ಟಿದ ಜೋಶುವಾ ಶಾಕ್ಟರ್ 1998ರಿಂದ ಮೀಮ್‌ಪೂಲ್ ಎಂಬ ತಾಣ ನಡೆಸುತ್ತಿದ್ದರು. ಹಲವರು ಸೇರಿ ಕುತೂಹಲದ ಲಿಂಕ್‌ಗಳನ್ನು ಹಾಕುವ ಜಾಗ ಅದು. ಓದುಗರು ಕಳಿಸಿದ್ದು, ತಾವೇ ಕಂಡದ್ದು ಎಲ್ಲ ಸೇರಿ ಅವರ ಬಳಿ ಸುಮಾರು 20,000 ಲಿಂಕ್‌ಗಳು ಒಂದೇ ಟೆಕ್ಸ್ಟ್ ಫೈಲ್‌ನಲ್ಲಿ ಸಾಲುಗಟ್ಟಿದ್ದವು. ಮುಂದೆ ಸಿಗಲಿ ಎಂದು ಸಾಲಿನ ಪಕ್ಕದಲ್ಲಿ # ಹಾಕಿ ಒಂದೆರಡು ಪದ ಬರೆದುಕೊಳ್ಳುತ್ತಿದ್ದರು. ಆ ಪದ ಕೊಟ್ಟು ಹುಡುಕಿದರೆ ಸಂಬಂಧಪಟ್ಟ ಸಾಲುಗಳೆಲ್ಲ ಒಟ್ಟಿಗೆ ಬರುತ್ತಿದ್ದವು. 2003ರ ಸೆಪ್ಟೆಂಬರ್‌ನಲ್ಲಿ ಇದೇ ಅಭ್ಯಾಸ ಎಲ್ಲರೂ ಬಳಸಬಹುದಾದ ತಾಣವಾಯಿತು. ಆಗ ಅವರು ಮಾರ್ಗನ್ ಸ್ಟ್ಯಾನ್ಲಿ ಎಂಬ ಹೂಡಿಕೆ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದರು. ತಾಣ ಬಿಡುವಿನ ವೇಳೆಯ ಕೆಲಸ.

ಆ ಫೈಲ್‌ನಲ್ಲಿ ಫೋಲ್ಡರ್ ಇರಲಿಲ್ಲ ಎನ್ನುವುದು ಸಣ್ಣ ಮಾತಲ್ಲ. ಬ್ರೌಸರ್‌ನ ಬುಕ್‌ಮಾರ್ಕ್ ಫೋಲ್ಡರ್ ಬಳಸಿದವರಿಗೆಲ್ಲ ಗೊತ್ತಿರುವ ಕಷ್ಟವೊಂದಿದೆ. ನಿದ್ರೆ ಮತ್ತು ಮಕ್ಕಳ ಕಲಿಕೆಯ ಬಗ್ಗೆ ಒಂದು ಲೇಖನ ಸಿಕ್ಕಿತೆನ್ನಿ. ಆರೋಗ್ಯದ ಫೋಲ್ಡರ್‌ಗೋ, ಶಿಕ್ಷಣದ್ದಕ್ಕೋ? ಒಂದರಲ್ಲಿಟ್ಟರೆ ಇನ್ನೊಂದರಲ್ಲಿ ಹುಡುಕುತ್ತೇವೆ. ಮೂರು ತಿಂಗಳ ಬಳಿಕ ಯಾವ ನೆಪಕ್ಕೆ ಅದು ಬೇಕಾಗುತ್ತದೆ ಎಂದು ಇಡುವ ಹೊತ್ತಿಗೆ ಗೊತ್ತಿರುವುದಿಲ್ಲ. ಟ್ಯಾಗ್ ಆದರೆ ಎರಡೂ ಪದ ಬರೆದರಾಯಿತು. ತೀರ್ಮಾನ ಮಾಡಬೇಕಾಗಿಲ್ಲ. ತಪ್ಪಾಗುವ ಭಯವೂ ಇಲ್ಲ.

ಇನ್ನೊಂದು ಕಷ್ಟ ಪದಗಳದ್ದೇ. 1987ರಲ್ಲಿ ಸಂಶೋಧಕ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ ತೋರಿಸಿದ್ದರು: ಒಂದೇ ವಸ್ತುವಿಗೆ ಇಬ್ಬರು ತಮಗೆ ತೋಚಿದ ಹೆಸರಿಟ್ಟರೆ, ಆ ಎರಡೂ ಹೆಸರು ಒಂದೇ ಆಗಿರುವ ಸಾಧ್ಯತೆ ನೂರಕ್ಕೆ 20ಕ್ಕಿಂತ ಕಡಿಮೆ. ಅಂದರೆ ಟೂಲ್ ಕಟ್ಟಿದವನು ಎಷ್ಟೇ ಯೋಚಿಸಿ ವಿಭಾಗಗಳ ಪಟ್ಟಿ ಮಾಡಿಟ್ಟರೂ ಬಂದವರಲ್ಲಿ ಹೆಚ್ಚಿನವರ ಬಾಯಲ್ಲಿ ಬೇರೆಯೇ ಪದ ಇರುತ್ತದೆ. ಶಾಕ್ಟರ್ ಪಟ್ಟಿಯನ್ನೇ ಕೊಡಲಿಲ್ಲ.

ಖಾಲಿ ಪೆಟ್ಟಿಗೆ

ಡೆಲಿಶಸ್‌ನಲ್ಲಿ ಲಿಂಕ್ ಉಳಿಸುವ ಪುಟದಲ್ಲಿ ಇದ್ದದ್ದು ವಿಳಾಸ, ಶೀರ್ಷಿಕೆ, ಬೇಕಾದರೆ ನಾಲ್ಕು ಸಾಲಿನ ಟಿಪ್ಪಣಿ ಮತ್ತು ಟ್ಯಾಗ್‌ಗಳಿಗೆಂದು ಒಂದು ಖಾಲಿ ಪೆಟ್ಟಿಗೆ. ಪದಗಳ ನಡುವೆ ಜಾಗ ಬಿಟ್ಟರೆ ಅವು ಬೇರೆ ಬೇರೆ ಟ್ಯಾಗ್. ಕಾಗುಣಿತ ಸರಿಯಿದೆಯೇ, ಈ ಪದ ಬಳಸಬಹುದೇ ಎಂದು ಯಾರೂ ಕೇಳುತ್ತಿರಲಿಲ್ಲ. ಬ್ರೌಸರ್‌ನ ಪಟ್ಟಿಯಲ್ಲಿ ಒಂದು ಗುಂಡಿ ಸೇರಿಸಿಕೊಂಡರೆ ಓದುತ್ತಿದ್ದ ಪುಟವನ್ನು ಬಿಟ್ಟು ಹೋಗದೆಯೇ ಕೆಲಸ ಮುಗಿಯುತ್ತಿತ್ತು. ಕೂಡಿಡುವ ಟೂಲ್‌ನ ಹಣೆಬರಹ ನಿರ್ಧಾರವಾಗುವುದು ಈ ಕೆಲವು ಸೆಕೆಂಡುಗಳಲ್ಲಿ ಎಂದು ನನ್ನ ಅನುಭವ. ಉಳಿಸುವುದಕ್ಕೇ ಐದು ಪ್ರಶ್ನೆಗೆ ಉತ್ತರಿಸಬೇಕಾದರೆ ಮೂಗಿಗಿಂತ ಮೂಗುತಿ ಭಾರ. ಜನ ಆ ಟೂಲನ್ನು ಬಿಟ್ಟು ತಮಗೆ ತಾವೇ ಇಮೇಲ್ ಕಳಿಸಿಕೊಳ್ಳುತ್ತಾರೆ. ನಾನೂ ಈಗಲೂ ಅದನ್ನೇ ಮಾಡುತ್ತೇನೆ, ಮತ್ತು ಆ ಇಮೇಲ್‌ಗಳನ್ನು ಮತ್ತೆ ತೆರೆಯುವುದಿಲ್ಲ.

ಹಂಚಿಕೆ ಇದರ ಮೇಲೆ ತಾನಾಗಿ ಬೆಳೆಯಿತು. ನೀವು ಉಳಿಸಿದ ಲಿಂಕಿನ ಪಕ್ಕದಲ್ಲಿ ಅದೇ ಲಿಂಕನ್ನು ಇನ್ನೆಷ್ಟು ಜನ ಉಳಿಸಿದ್ದಾರೆ ಎಂಬ ಸಂಖ್ಯೆ ಇರುತ್ತಿತ್ತು. ಸಂಖ್ಯೆಯನ್ನು ಒತ್ತಿದರೆ ಅವರ ಹೆಸರುಗಳು, ಅವರು ಬರೆದ ಪದಗಳು. ಒಂದು ಹೆಸರನ್ನು ಒತ್ತಿದರೆ ಆ ವ್ಯಕ್ತಿಯ ಇಡೀ ಸಂಗ್ರಹ. ಪರಿಚಯವಿಲ್ಲದ ಒಬ್ಬರು ನಿಮ್ಮ ಹಾಗೆಯೇ ಐದು ಅಪರೂಪದ ಪುಟಗಳನ್ನು ಉಳಿಸಿದ್ದರೆ, ಅವರ ಆರನೆಯದನ್ನು ನೋಡುವ ಆಸೆ ಯಾರಿಗೆ ಆಗುವುದಿಲ್ಲ? ಗೆಳೆಯರಿಗೆ ಕಳಿಸಬೇಕಾದರೂ ಟ್ಯಾಗ್ ಪೆಟ್ಟಿಗೆಯೇ ಸಾಕು: ‘ಫಾರ್’ ಎಂದು ಬರೆದು ಕೋಲನ್ (:) ಹಾಕಿ ಅವರ ಖಾತೆಯ ಹೆಸರು ಸೇರಿಸಿದರೆ ಲಿಂಕ್ ಅವರಿಗೆ ಮುಟ್ಟುತ್ತಿತ್ತು. ಪ್ರತಿ ಟ್ಯಾಗ್‌ಗೂ ನೋಡಿದೊಡನೆ ಅರ್ಥವಾಗುವ ವಿಳಾಸ, ಅದಕ್ಕೊಂದು ಫೀಡ್, ಅಂದರೆ ಹೊಸ ಲಿಂಕ್ ಸೇರಿದಾಗಲೆಲ್ಲ ತಾನಾಗಿ ಬೆಳೆಯುವ ಪಟ್ಟಿ. ಇಂಥ ಸಾಮೂಹಿಕ ಹೆಸರಿಡುವಿಕೆಗೆ 2004ರಲ್ಲಿ ಥಾಮಸ್ ವ್ಯಾಂಡರ್ ವಾಲ್ ‘ಫೋಕ್ಸಾನಮಿ’ ಎಂಬ ಪದ ಟಂಕಿಸಿದರು. ಜನರೇ ಮಾಡಿದ ವರ್ಗೀಕರಣ ಎಂದು ಅರ್ಥ.

ಇಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು, ಮತ್ತು ಮುಂದಿನ ಅನಾಹುತದ ಬೇರು ಇದೇ ಎಂದು ನಾನು ಭಾವಿಸುತ್ತೇನೆ. ಜನರು ಪ್ರಪಂಚಕ್ಕಾಗಿ ವರ್ಗೀಕರಣ ಮಾಡುತ್ತಿದ್ದಾರೆ ಎಂದು ನೋಡುಗರು ಅಂದುಕೊಂಡರು. ಎಚ್‌ಪಿ ಲ್ಯಾಬ್ಸ್‌ನ ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 2005ರಲ್ಲಿ ಡೆಲಿಶಸ್‌ನ ಟ್ಯಾಗ್‌ಗಳನ್ನೇ ಅಗೆದು ನೋಡಿದರು. ಒಂದು ಪುಟವನ್ನು ನೂರರಷ್ಟು ಜನ ಉಳಿಸಿದ ಮೇಲೆ ಅದರ ಟ್ಯಾಗ್‌ಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತುಬಿಡುತ್ತದೆ ಎಂಬುದು ಅವರು ಕಂಡ ಸಂಗತಿಗಳಲ್ಲಿ ಒಂದು. ಎಲ್ಲರೂ ಉಲ್ಲೇಖಿಸುವುದು ಇದನ್ನೇ. ಇನ್ನೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ: ಟ್ಯಾಗ್‌ಗಳಲ್ಲಿ ಹೆಚ್ಚಿನವು ಬರೆದವರ ಸ್ವಂತ ಬಳಕೆಗೆ ಇದ್ದವು. ‘ಓದಬೇಕು’, ‘ನನ್ನದು’ ಎಂಬಂಥ ಪದಗಳಿಂದ ಬೇರೆಯವರಿಗೆ ಏನು ಪ್ರಯೋಜನ? ಬರೆದವರಿಗೆ ಮಾತ್ರ ಅದರಷ್ಟು ಬೆಲೆಯ ಪದ ಇನ್ನೊಂದಿಲ್ಲ. ಸಾಮೂಹಿಕ ಲಾಭ ಬಂದದ್ದು ಪ್ರತಿಯೊಬ್ಬರೂ ತಮ್ಮ ನೆನಪಿಗೆ ಗುರುತು ಹಾಕಿಕೊಂಡದ್ದರಿಂದ. ಆ ಗುರುತು ಕೆಟ್ಟರೆ ಲಾಭವೂ ಇಲ್ಲ.

ಆರಂಭದ ವಿನ್ಯಾಸದಲ್ಲಿ ದೋಷಗಳೂ ಇದ್ದವು. ಎರಡು ವರ್ಷಕ್ಕೂ ಹೆಚ್ಚು ಕಾಲ ಏನು ಉಳಿಸಿದರೂ ಅದು ಎಲ್ಲರಿಗೂ ಕಾಣುತ್ತಿತ್ತು. ಖಾಸಗಿಯಾಗಿ ಇಟ್ಟುಕೊಳ್ಳುವ ಆಯ್ಕೆ ಬಂದದ್ದು 2006ರಲ್ಲಿ. ಒಬ್ಬರಿಗೆ ಕಾಯಿಲೆಯ ಬಗ್ಗೆ ಓದುವುದಿರುತ್ತದೆ, ಇನ್ನೊಬ್ಬರು ಸದ್ದಿಲ್ಲದೆ ಬೇರೆ ಕೆಲಸ ಹುಡುಕುತ್ತಿರುತ್ತಾರೆ. ಅವರಿಗೆ ಈ ತಾಣ ಅರ್ಧ ಮಾತ್ರ ಬಳಕೆಗೆ ಬರುತ್ತಿತ್ತು. ತಾಣದ ವಿಳಾಸವಂತೂ ಹೆಸರಿನ ನಡುನಡುವೆ ಚುಕ್ಕಿ ಇಟ್ಟ ಒಗಟು. ಚುಕ್ಕಿ ಎಲ್ಲಿ ಬರುತ್ತದೆಂದು ಜನ ಕೊನೆಯವರೆಗೂ ತಡಕಾಡಿದರು. 2008ರ ಜುಲೈ ಕೊನೆಯಲ್ಲಿ ಚುಕ್ಕಿಗಳನ್ನು ತೆಗೆದು ಸಾದಾ ಹೆಸರಿಗೆ ಬಂದಾಗ ಈ ಗೊಂದಲವೇ ಕಾರಣ ಎಂದು ತಾಣದವರೇ ಒಪ್ಪಿಕೊಂಡರು.

ಮೂರನೆಯ ದೋಷವೇ ನಮ್ಮ ಕಥೆಯ ಕೇಂದ್ರ. ಪದಗಳ ನಡುವೆ ಜಾಗ ಬಿಟ್ಟರೆ ಟ್ಯಾಗ್ ಒಡೆಯುತ್ತದೆ. ಹಾಗಾದರೆ ಎರಡು ಪದದ ಟ್ಯಾಗ್ ಬರೆಯುವುದು ಹೇಗೆ? ಒಬ್ಬರು ಪದಗಳನ್ನು ಅಂಟಿಸಿದರು, ಒಬ್ಬರು ಅಡ್ಡಗೆರೆ ಹಾಕಿದರು, ಮತ್ತೊಬ್ಬರು ಚುಕ್ಕಿ. ಈ ಇಕ್ಕಟ್ಟಿನಿಂದಲೇ ಜನ ಚಿಹ್ನೆಗಳನ್ನು ಬಳಸಿ ತಮ್ಮದೇ ವ್ಯಾಕರಣ ಕಟ್ಟಿಕೊಳ್ಳತೊಡಗಿದರು.

ಅಭಿಮಾನಿಗಳ ಗ್ರಂಥಾಲಯ

ತಮಗೆ ಮೆಚ್ಚಿನ ಧಾರಾವಾಹಿ, ಸಿನಿಮಾ, ಕಾದಂಬರಿಗಳ ಪಾತ್ರಗಳನ್ನು ಇಟ್ಟುಕೊಂಡು ಹೊಸ ಕಥೆ ಬರೆಯುವ ಅಭಿಮಾನಿ ಲೇಖಕರ ಲೋಕ ಒಂದಿದೆ. ಅಲ್ಲಿ ಎರಡು ಪಾತ್ರಗಳ ನಡುವಿನ ಪ್ರೇಮದ ಕಥೆ ಎಂದು ಸೂಚಿಸಲು ಅವರ ಹೆಸರುಗಳ ನಡುವೆ ‘/’ ಹಾಕುತ್ತಾರೆ. 1970ರ ದಶಕದಲ್ಲಿ ಸ್ಟಾರ್ ಟ್ರೆಕ್ ಧಾರಾವಾಹಿಯ ಕರ್ಕ್ ಮತ್ತು ಸ್ಪಾಕ್ ಪಾತ್ರಗಳ ಕುರಿತ, ಕೈಯಿಂದ ಕೈಗೆ ದಾಟುತ್ತಿದ್ದ ಅಭಿಮಾನಿ ಪತ್ರಿಕೆಗಳ ಕಾಲದಿಂದಲೂ ಈ ರೂಢಿ ನಡೆದುಬಂದಿದೆ. ಆ ಬಗೆಯ ಕಥೆಗಳಿಗೆ ‘ಸ್ಲ್ಯಾಷ್’ ಎಂಬ ಹೆಸರೇ ಈ ಗೆರೆಯಿಂದ ಬಂತು. ಅವರಿಗೆ ಅದು ಬರಿಯ ಚಿಹ್ನೆಯಲ್ಲ, ಒಂದು ಪ್ರಕಾರದ ಹೆಸರು.

ಈ ಕಥೆಗಳು ಒಂದೇ ಕಡೆ ಇರಲಿಲ್ಲ. ಲಕ್ಷಾಂತರ ಪುಟಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಡೆಲಿಶಸ್ ಬಂದೊಡನೆ ಅಭಿಮಾನಿಗಳು ಅದನ್ನು ತಮ್ಮ ಗ್ರಂಥಾಲಯದ ಸೂಚಿಯನ್ನಾಗಿ ಮಾಡಿಕೊಂಡರು. ಒಂದು ಕಥೆಗೆ ಯಾವ ಮೂಲ ಕೃತಿಯದು, ಯಾರ ಜೋಡಿ, ಲೇಖಕರು ಯಾರು, ಎಷ್ಟು ಸಾವಿರ ಪದ, ಯಾವ ವಯಸ್ಸಿನವರಿಗೆ, ದುಃಖಾಂತವೋ ಅಲ್ಲವೋ ಎಂದು ಹತ್ತಿಪ್ಪತ್ತು ಟ್ಯಾಗ್. ಬಗೆಯ ಹೆಸರು ಮೊದಲು, ಆಮೇಲೆ ಕೋಲನ್, ಆಮೇಲೆ ವಿವರ. ಟ್ಯಾಗ್‌ಗಳನ್ನೇ ಮತ್ತೆ ಗುಂಪು ಮಾಡಿಡಲು ‘ಬಂಡಲ್’ ಎಂಬ ಸೌಲಭ್ಯ ಇತ್ತು. ಅದನ್ನು ಇವರಷ್ಟು ದುಡಿಸಿಕೊಂಡವರು ಕಡಿಮೆ. ಇಪ್ಪತ್ತು ಸಾವಿರ ಪದಕ್ಕಿಂತ ದೊಡ್ಡ, ಮುಗಿದ, ಈ ಜೋಡಿಯ, ನಗೆಯ ಕಥೆ ಬೇಕು ಎಂದರೆ ನಾಲ್ಕು ಟ್ಯಾಗ್ ಕೂಡಿಸಿದರೆ ಸಿಗುತ್ತಿತ್ತು.

ಗ್ರಂಥಾಲಯ ವಿಜ್ಞಾನ ಓದಿದವರಿಗೆ ಇದು ಹಳೆಯ ಪರಿಚಯದ ಹಾಗೆ ಕಾಣಬೇಕು. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದ ಮೂಲ ಯೋಚನೆಯೂ ಇಂಥದ್ದೇ. ಪುಸ್ತಕವನ್ನು ಒಂದೇ ಮರದ ಒಂದೇ ಕೊಂಬೆಗೆ ನೇತುಹಾಕುವ ಬದಲು ಅದರ ಮುಖಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಚಿಹ್ನೆಗಳಿಂದ ಜೋಡಿಸುವುದು. ಅಲ್ಲಿ ಕೋಲನ್, ಅಲ್ಪವಿರಾಮ, ಚುಕ್ಕಿ ಎಲ್ಲಕ್ಕೂ ಅರ್ಥವಿದೆ. ಯಾವುದೇ ತರಬೇತಿಯಿಲ್ಲದ ಅಭಿಮಾನಿಗಳು ಒಂದು ಖಾಲಿ ಪೆಟ್ಟಿಗೆಯೊಳಗೆ ಅದೇ ದಾರಿಗೆ ತಾವಾಗಿ ಬಂದಿದ್ದರು. ಪೆಟ್ಟಿಗೆ ಖಾಲಿ ಇದ್ದುದರಿಂದಲೇ ಬರಲಾಯಿತು ಎಂದು ನನ್ನ ವಾದ. ‘ಪುಟದ ವಿಷಯ ಆರಿಸಿ’ ಎಂಬ ಪಟ್ಟಿ ಇದ್ದಿದ್ದರೆ ‘ಮನರಂಜನೆ’ ಎಂದು ಒತ್ತಿ ಸುಮ್ಮನಾಗುತ್ತಿದ್ದರು.

ಸ್ಲೈಡ್, ಮಾರಾಟ, ಹೊಸ ರೂಪ

ನಡುವಿನ ವರ್ಷಗಳದ್ದು ಚುಟುಕು ಕಥೆ. 2005ರ ಡಿಸೆಂಬರ್‌ನಲ್ಲಿ ಯಾಹೂ ಡೆಲಿಶಸನ್ನು ಕೊಂಡಿತು. 2008ರ ಜೂನ್‌ನಲ್ಲಿ ಶಾಕ್ಟರ್ ಯಾಹೂ ಬಿಟ್ಟರು. ಆ ವರ್ಷದ ಕೊನೆಗೆ 53 ಲಕ್ಷ ಬಳಕೆದಾರರು, 18 ಕೋಟಿ ಬೇರೆ ಬೇರೆ ವಿಳಾಸಗಳು ಎಂದು ತಾಣ ಹೇಳಿಕೊಳ್ಳುತ್ತಿತ್ತು. ಆಮೇಲೆ ಹೊಸದೇನೂ ಹೆಚ್ಚು ಬರಲಿಲ್ಲ.

2010ರ ಡಿಸೆಂಬರ್ 16ರಂದು ಯಾಹೂವಿನ ಒಳಗಿನ ಸಭೆಯೊಂದರ ಸ್ಲೈಡ್ ಹೊರಬಿತ್ತು. ಮುಚ್ಚಬೇಕಾದ ಸೇವೆಗಳ ಸಾಲಿನಲ್ಲಿ ಡೆಲಿಶಸ್ ಹೆಸರಿತ್ತು. ಮುಚ್ಚುವುದಿಲ್ಲ, ಬೇರೆಯವರಿಗೆ ವಹಿಸುತ್ತೇವೆ ಎಂದು ಕಂಪನಿ ಆಮೇಲೆ ಹೇಳಿತು. ಅಷ್ಟರಲ್ಲಿ ಜನ ಎಕ್ಸ್‌ಪೋರ್ಟ್ ಗುಂಡಿಗೆ ಮುತ್ತಿಗೆ ಹಾಕಿದ್ದರು. ಡೆಲಿಶಸ್‌ನ ದೊಡ್ಡ ಗುಣ ಆವತ್ತು ಕೆಲಸಕ್ಕೆ ಬಂತು: ಇಡೀ ಸಂಗ್ರಹವನ್ನು, ಟ್ಯಾಗ್ ಟಿಪ್ಪಣಿಗಳ ಸಮೇತ, ಒಂದೇ ಫೈಲ್ ಆಗಿ ಇಳಿಸಿಕೊಳ್ಳಬಹುದಿತ್ತು. ಅದಿಲ್ಲದಿದ್ದರೆ ಆ ಸಂಗ್ರಹ ಕನ್ನಡಿಯೊಳಗಿನ ಗಂಟು. ಎಕ್ಸ್‌ಪೋರ್ಟ್ ಸೌಲಭ್ಯವನ್ನು ಹೊಸ ಟೂಲ್‌ಗಳವರು ‘ಮುಂದಿನ ಹಂತದಲ್ಲಿ’ ಎಂದು ತಳ್ಳಿಹಾಕುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅದು ಬೇಕಾಗುವ ದಿನ ಅದನ್ನು ಕಟ್ಟಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

2011ರ ಏಪ್ರಿಲ್‌ನಲ್ಲಿ ಏವೋಸ್ ಎಂಬ ಕಂಪನಿ ಡೆಲಿಶಸನ್ನು ಕೊಳ್ಳುತ್ತಿರುವ ಸುದ್ದಿ ಬಂತು. ಅದರ ಹಿಂದಿದ್ದವರು ಯೂಟ್ಯೂಬ್ ಸ್ಥಾಪಕರಾದ ಚಾಡ್ ಹರ್ಲಿ ಮತ್ತು ಸ್ಟೀವ್ ಚೆನ್. ಹಳೆಯ ಸಂಗ್ರಹ ಹೊಸ ಮಾಲೀಕರಿಗೆ ದಾಟಬೇಕಾದರೆ ಬಳಕೆದಾರರು ಬಂದು ಒಪ್ಪಿಗೆ ಕೊಡಬೇಕಿತ್ತು. ಕೇಳದೆ ದಾಟಿಸಲಿಲ್ಲ ಎನ್ನುವುದು ಸರಿಯೇ. ಆದರೆ ಕೂಡಿಟ್ಟು ಮರೆತವರ ಸಂಗ್ರಹದ ಗತಿ ಏನು? ಇಂಥ ಟೂಲ್‌ನಲ್ಲಿ ಮರೆತು ಹೋಗುವುದೇ ಸಹಜ ಬಳಕೆ. ಮರೆತರೂ ಇರಲಿ ಎಂದೇ ತಾನೆ ಇಡುವುದು.

ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಡೆಲಿಶಸನ್ನು ಬುಡದಿಂದ ಮತ್ತೆ ಬರೆಯಲಾಗಿತ್ತು. ದೊಡ್ಡ ದೊಡ್ಡ ಚಿತ್ರಗಳು. ‘ಸ್ಟ್ಯಾಕ್’ ಎಂಬ ಹೊಸ ವಸ್ತು: ಒಂದು ವಿಷಯದ ಮೇಲೆ ಲಿಂಕ್‌ಗಳನ್ನು ಚಂದವಾಗಿ ಜೋಡಿಸಿ, ಮುಖಪುಟದ ಚಿತ್ರ ಹಾಕಿ ಪ್ರಕಟಿಸುವುದು. ಬಂಡಲ್‌ಗಳು ಇರಲಿಲ್ಲ. ‘/’ ಇದ್ದ ಟ್ಯಾಗ್ ಸಿಗುತ್ತಿರಲಿಲ್ಲ.

ಹೊಸ ತಂಡದವರನ್ನು ಮೂರ್ಖರೆಂದು ತೆಗೆದುಹಾಕುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ವೆಬ್ ಕಟ್ಟುವವರಿಗೆ ‘/’ ಎಂದರೆ ವಿಳಾಸದ ಮೆಟ್ಟಿಲು. ಖಾತೆಯ ಹೆಸರು, ಒಂದು ಓರೆಗೆರೆ, ಟ್ಯಾಗಿನ ಹೆಸರು ಎಂದು ವಿಳಾಸ ಇರುವ ತಾಣದಲ್ಲಿ ಟ್ಯಾಗಿನೊಳಗೇ ಇನ್ನೊಂದು ಓರೆಗೆರೆ ಬಂದರೆ ಕೋಡ್ ತಬ್ಬಿಬ್ಬಾಗುತ್ತದೆ. ಅದನ್ನು ಬೇರೆ ರೂಪಕ್ಕೆ ತಿರುಗಿಸಿ ಜೋಪಾನ ಮಾಡಬೇಕು. ಹುಡುಕು ಎಂಜಿನ್‌ಗಳೂ ಸಾಮಾನ್ಯವಾಗಿ ಇಂಥ ಚಿಹ್ನೆಗಳನ್ನು ಕಸವೆಂದು ಉದುರಿಸಿ ಪದಗಳನ್ನಷ್ಟೇ ಇಟ್ಟುಕೊಳ್ಳುತ್ತವೆ. ಬಳಕೆಯನ್ನು ನೋಡದೆ ಬುಡದಿಂದ ಬರೆಯಲು ಕೂತರೆ ಓರೆಗೆರೆ ಬಿಟ್ಟುಹೋಗುವುದೇ ಸಹಜ; ಉಳಿಯಬೇಕಾದರೆ ಯಾರಾದರೂ ಅದಕ್ಕಾಗಿ ಹಟ ಹಿಡಿಯಬೇಕು. ಹಟ ಹಿಡಿಯುವವರು ಆ ಕೋಣೆಯಲ್ಲಿ ಇರಲಿಲ್ಲ.

ಅದಕ್ಕಿಂತ ಆಳದ್ದು ಇನ್ನೊಂದು. ಸ್ಟ್ಯಾಕ್ ಎಂಬ ಕಲ್ಪನೆಯನ್ನೇ ನೋಡಿ. ಅದು ನೋಡುಗರಿಗಾಗಿ ಮಾಡುವ ಪ್ರದರ್ಶನ. ಯೂಟ್ಯೂಬ್ ಕಟ್ಟಿದವರಿಗೆ ಅದು ಸಹಜವಾಗಿ ತೋಚುವ ದಾರಿ ಎಂದು ನನ್ನ ಊಹೆ: ಹಾಕುವವರು ಕೆಲವರು, ನೋಡುವವರು ಕೋಟಿ ಜನ. ಡೆಲಿಶಸ್‌ನಲ್ಲಿ ಹಾಕುವವರೇ ನೋಡುವವರು, ಅದೂ ತಮ್ಮದನ್ನೇ, ಎರಡು ವರ್ಷ ಬಿಟ್ಟು. ಗೋಲ್ಡರ್ ಮತ್ತು ಹ್ಯೂಬರ್‌ಮನ್ ಬರೆದಿದ್ದ ಆ ಎರಡನೆಯ ಸಂಗತಿಯನ್ನು ಮುಂದಿಟ್ಟುಕೊಂಡಿದ್ದರೆ ಮೊದಲು ಬಂಡಲ್ ಉಳಿಸಿ, ಚಿತ್ರಗಳನ್ನು ಆಮೇಲೆ ಯೋಚಿಸುತ್ತಿದ್ದರು. ಸ್ಟ್ಯಾಕ್ ಹೆಚ್ಚು ಕಾಲ ಬಾಳಲಿಲ್ಲ.

ಒಬ್ಬನೇ ನಡೆಸುವ ಅಂಗಡಿ

ಆ ಹೊತ್ತಿಗೆ ಪಿನ್‌ಬೋರ್ಡ್ ಎಂಬ ಇನ್ನೊಂದು ಬುಕ್‌ಮಾರ್ಕ್ ತಾಣ ಇತ್ತು. ಮಾಚೆಯ್ ಚೆಗ್ವೊವ್‌ಸ್ಕಿ ಎಂಬ ಪ್ರೋಗ್ರಾಮರ್ 2009ರಲ್ಲಿ ಶುರುಮಾಡಿದ್ದು. ನೋಟಕ್ಕೆ ಹಳೆಯ ಡೆಲಿಶಸ್‌ನ ಹಾಗೆ, ಬಿಳಿ ಪುಟದ ಮೇಲೆ ಲಿಂಕ್‌ಗಳ ಸಾಲು. ಒಳಮುಖದ ಜನರಿಗಾಗಿ ಸಾಮಾಜಿಕ ಬುಕ್‌ಮಾರ್ಕ್ ಎಂದು ಅದು ತನ್ನನ್ನು ಕರೆದುಕೊಳ್ಳುತ್ತಿತ್ತು. ಡೆಲಿಶಸ್‌ನಲ್ಲಿ ತಡವಾಗಿ ಬಂದ ಖಾಸಗಿತನ ಇಲ್ಲಿ ಮೊದಲ ಮಾತಾಗಿತ್ತು. ಸೇರಲು ದುಡ್ಡು ಕೊಡಬೇಕಿತ್ತು, ಅದೂ ಒಂದು ವಿಚಿತ್ರ ಲೆಕ್ಕದಲ್ಲಿ: ಈಗಾಗಲೇ ಎಷ್ಟು ಬಳಕೆದಾರರಿದ್ದಾರೋ ಅದನ್ನು ಡಾಲರಿನ ಸಾವಿರದ ಒಂದು ಭಾಗದಿಂದ ಗುಣಿಸಿದಷ್ಟು. ಒಂಬತ್ತು ಸಾವಿರ ಜನ ಇದ್ದರೆ ಒಂಬತ್ತು ಡಾಲರ್. ಬೇಗ ಬಂದವರಿಗೆ ಅಗ್ಗ, ಜಾಹೀರಾತುಕೋರ ಖದೀಮರಿಗೆ ದುಬಾರಿ. ಸ್ಲೈಡ್ ಹೊರಬಿದ್ದ ದಿನ ಡೆಲಿಶಸ್‌ನ ಜನ ದಂಡುಗಟ್ಟಿ ಅಲ್ಲಿಗೆ ಬಂದಿದ್ದರು. ವರ್ಷಗಳ ಸಂಗ್ರಹಗಳು ಒಂದೇ ಸಲ ಬಂದು ಬೀಳತೊಡಗಿ ಸರ್ವರ್‌ಗಳು ಏದುಸಿರು ಬಿಟ್ಟಿದ್ದವು.

2011ರ ಶರತ್ಕಾಲದಲ್ಲಿ ಬಾಗಿಲು ತಟ್ಟಿದವರು ಓರೆಗೆರೆಯ ಜನ. ಚೆಗ್ವೊವ್‌ಸ್ಕಿಗೆ ಅವರ ಲೋಕ ಹೊಸದು. ನಿಮಗೆ ಏನು ಬೇಕು ಎಂದು ಟ್ವಿಟರ್‌ನಲ್ಲಿ ಕೇಳಿದರು. ಅದಕ್ಕೆ ಉತ್ತರವಾಗಿ ಅಭಿಮಾನಿಗಳು ಒಂದು ಗೂಗಲ್ ಡಾಕ್ಯುಮೆಂಟ್ ತೆರೆದರು. ಯಾರು ಬೇಕಾದರೂ ತಿದ್ದಬಹುದು. ಇಂಥ ಕಡತಗಳ ಗತಿ ಏನಾಗುತ್ತದೆಂದು ಬಲ್ಲವರು ಗದ್ದಲವನ್ನೇ ನಿರೀಕ್ಷಿಸಿಯಾರು. ಆದದ್ದು ಬೇರೆ. ಒಂದಿಷ್ಟು ಜನ ತಾವಾಗಿ ಸಂಪಾದಕರ ಕೆಲಸ ವಹಿಸಿಕೊಂಡು ಶೀರ್ಷಿಕೆ ಹಾಕಿದರು, ಪುನರುಕ್ತಿಗಳನ್ನು ಸೇರಿಸಿದರು. ಕಡತ ಹತ್ತಾರು ಪುಟಗಳಿಗೆ ಬೆಳೆದು, ಯಾವ ಸೌಲಭ್ಯ ಯಾಕೆ ಬೇಕು, ಯಾವುದಿಲ್ಲದಿದ್ದರೂ ನಡೆಯುತ್ತದೆ ಎಂಬ ಪಕ್ಕಾ ಬೇಡಿಕೆಪಟ್ಟಿಯಾಯಿತು. ವರ್ಷಗಟ್ಟಲೆ ವರ್ಗೀಕರಣದಲ್ಲೇ ಕೈ ಪಳಗಿಸಿಕೊಂಡವರು ತಮ್ಮ ಬೇಡಿಕೆಯನ್ನೂ ವರ್ಗೀಕರಿಸಿಯೇ ಕೊಟ್ಟರು.

2013ರಲ್ಲಿ ಚೆಗ್ವೊವ್‌ಸ್ಕಿ ಈ ಅನುಭವದ ಮೇಲೆಯೇ ಒಂದು ಭಾಷಣ ಮಾಡಿದರು. ಆ ಪ್ರಕರಣದಲ್ಲಿ ನನಗೆ ಅತ್ಯಂತ ಹಿಡಿಸುವ ಭಾಗ ಅವರು ಕೊಟ್ಟ ಸೌಲಭ್ಯಗಳ ಪಟ್ಟಿಯಲ್ಲ, ಕೇಳಿದ ಕ್ರಮ. ಸಮೀಕ್ಷೆ ಮಾಡಿ ‘ಒಂದರಿಂದ ಐದರಲ್ಲಿ ಅಂಕ ಕೊಡಿ’ ಎನ್ನಲಿಲ್ಲ. ಅಂಕದ ಪಟ್ಟಿಯಲ್ಲಿ ‘ಓರೆಗೆರೆ’ ಎಂಬ ಸಾಲೇ ಇರುವುದಿಲ್ಲ, ಯಾಕೆಂದರೆ ಪಟ್ಟಿ ಮಾಡಿದವರಿಗೆ ಅದು ಗೊತ್ತಿಲ್ಲ. ಖಾಲಿ ಕಡತ ಕೊಟ್ಟಾಗಲೇ ಅದು ಹೊರಗೆ ಬರುತ್ತದೆ. ಶಾಕ್ಟರ್ ಟ್ಯಾಗ್‌ಗೆ ಕೊಟ್ಟ ಖಾಲಿ ಪೆಟ್ಟಿಗೆಗೂ ಈ ಖಾಲಿ ಕಡತಕ್ಕೂ ವ್ಯತ್ಯಾಸ ಕಡಿಮೆ.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ದುಡ್ಡು ಕೊಟ್ಟವರಿಗೆ ಉತ್ತರ ಹೇಳುವ ಹೊಣೆ ಇರುತ್ತದೆ ಎನ್ನುವುದು ಹಳೆಯ ಮಾತು. ಇಲ್ಲಿ ಅದಕ್ಕಿಂತ ಸರಳವಾದ ಅನುಕೂಲ ಒಂದಿತ್ತು. ಹತ್ತಾರು ಸಾವಿರ ಜನ ಸೇರಿ ಒಬ್ಬನ ಸಂಬಳ, ಸರ್ವರ್‌ಗಳ ಖರ್ಚು ತೂಗಿಸಿದರೆ ಪಿನ್‌ಬೋರ್ಡ್‌ಗೆ ಸಾಕು. 53 ಲಕ್ಷ ಬಳಕೆದಾರರಿದ್ದೂ ಯಾಹೂವಿಗೆ ಡೆಲಿಶಸ್ ಸಣ್ಣದೇ. ಅಭಿಮಾನಿಗಳ ಗುಂಪು ಒಬ್ಬನ ಅಂಗಡಿಯಲ್ಲಿ ದೊಡ್ಡ ಗಿರಾಕಿ, ದೊಡ್ಡ ಕಂಪನಿಯಲ್ಲಿ ಲೆಕ್ಕಕ್ಕೇ ಸಿಗದವರು. 2015ರಲ್ಲಿ ಪಿನ್‌ಬೋರ್ಡ್ ಒಂದೇ ಸಲದ ಶುಲ್ಕ ಬಿಟ್ಟು ವರ್ಷಕ್ಕೆ 11 ಡಾಲರಿನ ಪದ್ಧತಿಗೆ ಬಂತು. ಸಂಗ್ರಹವನ್ನು ಕಾಯುವ ಖರ್ಚು ಪ್ರತಿ ವರ್ಷ ಇರುವಾಗ ಆದಾಯ ಒಂದೇ ಸಲ ಬಂದರೆ ಲೆಕ್ಕ ಕೂಡುವುದಿಲ್ಲ. ಸೇರುವವರು ಕಡಿಮೆಯಾದ ದಿನ ಬುಡ ಅಲುಗಾಡುತ್ತದೆ.

ಪಿನ್‌ಬೋರ್ಡನ್ನು ಆದರ್ಶವೆಂದು ಎತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಒಬ್ಬನೇ ನಡೆಸುವ ತಾಣ ಆ ಒಬ್ಬನ ಆರೋಗ್ಯ, ಆಸಕ್ತಿಗಳಿಗೆ ಕಟ್ಟಿಹಾಕಿಕೊಂಡಿರುತ್ತದೆ. ನೋಟ ಒರಟು. ಹೊಸಬರು ಒಳಗೆ ಬಂದರೆ ಏನು ಮಾಡಬೇಕೆಂದು ಹೇಳುವವರಿಲ್ಲ. ಟ್ಯಾಗ್ ಎಂದರೇನೆಂದೇ ತಿಳಿಯದವರಿಗೆ ಖಾಲಿ ಪೆಟ್ಟಿಗೆ ಸ್ವಾತಂತ್ರ್ಯದ ಹಾಗೆ ಕಾಣುವುದಿಲ್ಲ, ಗೋಡೆಯ ಹಾಗೆ ಕಾಣುತ್ತದೆ. ಜನಸ್ನೇಹಿ ಎಂಬ ಪದಕ್ಕೆ ಎರಡು ಅರ್ಥವಿದೆ ಅನ್ನಿಸುವುದು ಇಲ್ಲಿ. ಮೊದಲ ದಿನ ಬಂದವರಿಗೆ ಸ್ನೇಹಿ ಆಗುವುದು ಬೇರೆ, ಆರನೆಯ ವರ್ಷದಲ್ಲಿ ಇರುವವರಿಗೆ ಆಗುವುದು ಬೇರೆ. ಏವೋಸ್ ಮೊದಲನೆಯದಕ್ಕಾಗಿ ಎರಡನೆಯದನ್ನು ಕೊಟ್ಟುಬಿಟ್ಟಿತು. ಕೂಡಿಡುವ ಟೂಲ್‌ನಲ್ಲಿ ಎರಡನ್ನೂ ತೂಗಬೇಕಾದರೆ ನಾನು ಆರನೆಯ ವರ್ಷದವರ ಪಕ್ಷ. ಹಳೆಯ ಡೆಲಿಶಸ್‌ನ ಒಂದು ಸಣ್ಣ ಉಪಾಯ ಎರಡಕ್ಕೂ ಸಾಲುತ್ತಿತ್ತು: ಲಿಂಕ್ ಉಳಿಸುವಾಗ ಬೇರೆಯವರು ಅದೇ ಪುಟಕ್ಕೆ ಹಾಕಿದ ಪದಗಳನ್ನು, ನೀವೇ ಹಿಂದೆ ಬಳಸಿದ ಪದಗಳನ್ನು ಪೆಟ್ಟಿಗೆಯ ಕೆಳಗೆ ತೋರಿಸುತ್ತಿತ್ತು. ಬೇಕಾದರೆ ಒತ್ತಿ, ಬೇಡವಾದರೆ ಬಿಡಿ. ಹೊಸಬರು ನೋಡಿ ಕಲಿಯುತ್ತಿದ್ದರು, ಹಳಬರು ತಮ್ಮ ವ್ಯಾಕರಣ ಮುಂದುವರಿಸುತ್ತಿದ್ದರು.

ಈ ಪ್ರಕರಣ ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾವುದೇ ಹಳೆಯ ಟೂಲನ್ನು ಹೊಸದು ಮಾಡುವ ಮಾತು ಬಂದರೆ, ಜನಪ್ರಿಯ ಟ್ಯಾಗ್‌ಗಳ ಪಟ್ಟಿ ಬದಿಗಿಟ್ಟು, ಅತಿ ವಿಚಿತ್ರವಾದ ನೂರು ಟ್ಯಾಗ್‌ಗಳನ್ನು ಮೊದಲು ತೆಗೆಸುತ್ತೇನೆ. ಚಿಹ್ನೆ ತುಂಬಿದವು, ಅರ್ಥವಾಗದ ಸಂಕ್ಷೇಪಗಳು, ಮುಂದೆ ಸೊನ್ನೆ ಹಾಕಿ ಶುರುವಾಗುವವು. (ಪಟ್ಟಿಯಲ್ಲಿ ಮೊದಲು ಬರಲಿ ಎಂದು ಸೊನ್ನೆ, ಅಕ್ಷರಕ್ರಮವನ್ನು ಬದಲಿಸಿದ ದಿನ ಅವರ ಇಡೀ ಜೋಡಣೆ ಕುಸಿಯುತ್ತದೆ.) ಅವನ್ನು ಬರೆದವರಲ್ಲಿ ನಾಲ್ಕೈದು ಜನರನ್ನು ಹುಡುಕಿ, ಪಕ್ಕದಲ್ಲಿ ಕೂತು, ಇದರಿಂದ ಏನು ಹುಡುಕುತ್ತೀರಿ ತೋರಿಸಿ ಎಂದು ಕೇಳುವುದು. ಹೊಸ ಕೋಡಿನ ಮೊದಲ ಪರೀಕ್ಷೆ ಆ ನೂರು ಟ್ಯಾಗ್‌ಗಳೇ: ಹಳೆಯದರಿಂದ ಹೊರಗೆ ತೆಗೆದು, ಹೊಸದರೊಳಗೆ ಹಾಕಿ, ಹುಡುಕಿ, ಮತ್ತೆ ಹೊರಗೆ ತೆಗೆದರೆ ಎರಡು ಫೈಲ್‌ಗಳೂ ಒಂದೇ ಇರಬೇಕು. ಬೇಸರದ ಕೆಲಸ. ಒಂದು ವಾರ ಹಿಡಿಯುತ್ತದೆ.

ಡೆಲಿಶಸ್ ಆಮೇಲೂ ಕೈಯಿಂದ ಕೈಗೆ ಹೋಯಿತು. 2014ರಲ್ಲಿ ಒಬ್ಬರು, 2016ರಲ್ಲಿ ಇನ್ನೊಬ್ಬರು. 2017ರ ಜೂನ್‌ನಲ್ಲಿ ಅದು ಕೊನೆಯ ಸಲ ಮಾರಾಟವಾಯಿತು, 35,000 ಡಾಲರಿಗೆ. ಕೊಂಡವರು ಚೆಗ್ವೊವ್‌ಸ್ಕಿ. ಬಂದವರೇ ಹೊಸ ರೂಪ ಕೊಡಲಿಲ್ಲ, ಯಾವ ಸೌಲಭ್ಯವನ್ನೂ ಘೋಷಿಸಲಿಲ್ಲ. ಜೂನ್ 15ರಿಂದ ಹೊಸ ಲಿಂಕ್ ಉಳಿಸುವುದು ನಿಂತಿತು. ಇದ್ದವು ಇದ್ದ ಹಾಗೆಯೇ, ಓದಲು ಮಾತ್ರ.